ಬೀಡಿ ಕಟ್ಟಿದವರ ಧಣಿ ಯಾರು?

ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಪೈವಳಿಕೆ ಕಡೆ ಒಂದು ಕಾಲದಲ್ಲಿ ಬೀಡಿ ಕಟ್ಟದ ಮನೆ ಸಿಗುವುದೇ ಅಪರೂಪವಾಗಿತ್ತು. ಮಕ್ಕಳ ಫೀಸು, ಮಗಳ ಮದುವೆಗೆ ಚೂರು ಚಿನ್ನ, ಎಲ್ಲ ಅದರಿಂದಲೇ ಆಗಬೇಕು. ಕೆಲಸದ ಕ್ರಮ ಹೀಗೆ. ಮಂಗಳೂರಿನ ಕಂಪನಿ ಎಲೆ, ಹೊಗೆಸೊಪ್ಪು, ನೂಲು ಕಳಿಸುತ್ತದೆ. ಊರಿನ ಬ್ರಾಂಚಿನವರು ಅದನ್ನು ತೂಗಿ ಕೊಡುತ್ತಾರೆ. ಹೆಂಗಸರು ಮನೆಗೆ ಒಯ್ದು ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ತಡ್ಪೆ (ಮೊರ) ಮಡಿಲಲ್ಲಿಟ್ಟುಕೊಂಡು ಸುತ್ತಿ, ತುದಿ ಮಡಚಿ, ನೂಲು ಬಿಗಿದು ಬ್ರಾಂಚಿಗೆ ತರುತ್ತಾರೆ. ಅಲ್ಲಿ ಕಟ್ಟನ್ನು ಕೈಯಲ್ಲಿ ಒತ್ತಿ ನೋಡುತ್ತಾರೆ. ಸಡಿಲವಾದದ್ದು, ತುದಿ ಸರಿ ಮಡಚದ್ದು ಪಕ್ಕಕ್ಕೆ ಹೋಗುತ್ತದೆ. ಹಾಗೆ ಹೋದದ್ದಕ್ಕೆ ಕೂಲಿ ಸಿಗುವುದು ಕಷ್ಟ. ಉಳಿದದ್ದು ಸಾವಿರದ ಲೆಕ್ಕದಲ್ಲಿ ಪುಸ್ತಕಕ್ಕೆ ಏರುತ್ತದೆ.

ಆ ಹೆಂಗಸಿಗೆ ಕೆಲಸ ಕೊಟ್ಟವರು ಯಾರು? ಬ್ರಾಂಚಿನವರೋ, ಮಂಗಳೂರಿನ ಕಂಪನಿಯೋ? ಪಿ.ಎಫ್. ಯಾರು ಕಟ್ಟಬೇಕು? ಬಿ.ಕಾಂ., ಬಿ.ಬಿ.ಎ. ಓದುವವರಿಗೆ ಏಜೆನ್ಸಿ ಒಂದು ಪಾಠ, ಕಾರ್ಮಿಕ ಕಾನೂನು ಇನ್ನೊಂದು ಪಾಠ. ಎರಡಕ್ಕೂ ಬೇರೆ ಬೇರೆ ನೋಟ್ಸ್. ಆದರೆ ಈ ಎರಡು ಪಾಠ ಎಲ್ಲಿ ಒಂದಕ್ಕೊಂದು ತಾಗುತ್ತವೆ ಅಂತ ಕಾಣಬೇಕಾದರೆ ನಮ್ಮ ಬೀಡಿ ಬ್ರಾಂಚಿಗಿಂತ ಒಳ್ಳೆಯ ಜಾಗ ಇಲ್ಲ.

ಮೊದಲು ಏಜೆನ್ಸಿ. 1872ರ ಭಾರತೀಯ ಕರಾರು ಕಾಯ್ದೆಯ 182ನೇ ಕಲಂ ಪ್ರಕಾರ, ಇನ್ನೊಬ್ಬರಿಗಾಗಿ ಕೆಲಸ ಮಾಡಲು ಅಥವಾ ಅವರ ಪರವಾಗಿ ಮೂರನೆಯವರ ಜೊತೆ ವ್ಯವಹರಿಸಲು ನೇಮಕವಾದವನು ಏಜೆಂಟ್. ನೇಮಿಸಿದವನು ಪ್ರಿನ್ಸಿಪಾಲ್, ಅಂದರೆ ಧಣಿ. ಅಧಿಕಾರವನ್ನು ಕಾಗದದಲ್ಲೇ ಕೊಡಬೇಕೆಂದಿಲ್ಲ. ಬಾಯಿಮಾತಿನಲ್ಲಿ ಕೊಡಬಹುದು. ನಡೆದುಕೊಂಡು ಬಂದ ರೀತಿಯಿಂದಲೂ ಹುಟ್ಟಬಹುದು. ಏಜೆಂಟ್ ತನ್ನ ಅಧಿಕಾರದೊಳಗೆ ಮಾಡಿದ ಕರಾರು ಧಣಿಯೇ ಮಾಡಿದಂತೆ ಅನ್ನುತ್ತದೆ 226ನೇ ಕಲಂ. ಪಾಠದ ಜೀವ ಇರುವುದು ಈ ಒಂದು ಮಾತಿನಲ್ಲಿ. ಕೈ ಬೇರೆಯವರದ್ದು, ಹೊಣೆ ಧಣಿಯದ್ದು.

ಹಾಗಾದರೆ ಬ್ರಾಂಚಿನವರು ಏಜೆಂಟ್ ಅಂತಾದರೆ ಹೆಂಗಸರ ಧಣಿ ಕಂಪನಿ. ಬ್ರಾಂಚಿನವರು ತಮ್ಮದೇ ಹೊಣೆಯಲ್ಲಿ ಕೆಲಸ ಹಿಡಿದ ಸ್ವತಂತ್ರ ಕಂತ್ರಾಟುದಾರರು ಅಂತಾದರೆ ಕಂಪನಿಗೆ ಸಂಬಂಧವೇ ಇಲ್ಲ. ಮೂವತ್ತು ವರ್ಷ ಕೋರ್ಟುಗಳಲ್ಲಿ ಜಗಳ ನಡೆದದ್ದು ಇದರ ಮೇಲೆಯೇ.

1956ರ ನವೆಂಬರ್ 1ರಂದು ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋಯಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಧ್ರಾಂಗಧ್ರ ಕೆಮಿಕಲ್ ವರ್ಕ್ಸ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಸೌರಾಷ್ಟ್ರದ ಉಪ್ಪಿನ ಗದ್ದೆಗಳಲ್ಲಿ ದುಡಿಯುತ್ತಿದ್ದ ಅಗರಿಯಾಗಳ ಕಥೆ ಅದು. ತೆಗೆದ ಉಪ್ಪಿನ ತೂಕಕ್ಕೆ ತಕ್ಕ ಹಣ, ಸಹಾಯಕ್ಕೆ ಬೇರೆ ಜನ ಇಟ್ಟುಕೊಳ್ಳಬಹುದು, ದಿನಕ್ಕೆ ಇಷ್ಟೇ ಗಂಟೆ ಅಂತ ಇಲ್ಲ. ಆದರೂ ಅವರು ಕಾರ್ಮಿಕರೇ ಅಂದಿತು ಕೋರ್ಟ್. ಏನು ಮಾಡಬೇಕು ಅಂತ ಹೇಳುವುದಷ್ಟೇ ಅಲ್ಲ, ಹೇಗೆ ಮಾಡಬೇಕು ಅಂತ ಹೇಳುವ ಹಕ್ಕು ಯಾರಿಗಿದೆ ಅಂತ ನೋಡಿ ಅಂದಿತು.

ಬೀಡಿಗೆ ಮಾತ್ರ ಇದು ಅಷ್ಟು ಸುಲಭದಲ್ಲಿ ಒಪ್ಪಲಿಲ್ಲ. 1958ರಲ್ಲಿ ಚಿಂತಾಮಣ್ ರಾವ್ ಪ್ರಕರಣದಲ್ಲಿ, ಮಧ್ಯಪ್ರದೇಶದ ಬೀಡಿ ಕಂತ್ರಾಟುದಾರರು ಸ್ವತಂತ್ರರು, ಅವರ ಆಳುಗಳು ಕಾರ್ಖಾನೆಯ ಕಾರ್ಮಿಕರಲ್ಲ ಅಂತ ತೀರ್ಮಾನವಾಯಿತು. ಆಮೇಲೆ 1964ರಲ್ಲಿ ಮದ್ರಾಸಿನಿಂದ ಬಂದ ದಿವಾನ್ ಮೊಹಿದೀನ್ ಸಾಹಿಬ್ ಪ್ರಕರಣದಲ್ಲಿ ಮಾತು ತಿರುಗಿತು. ಅಲ್ಲಿಯೂ ಕಾಗದದಲ್ಲಿ ಕಂತ್ರಾಟು ಇತ್ತು. ಆದರೆ ಎಲೆ, ಹೊಗೆಸೊಪ್ಪು ಧಣಿಯದ್ದು, ತಯಾರಾದ ಬೀಡಿಯೂ ಧಣಿಗೇ. ನಡುವೆ ನಿಂತವನು ಬಡಪಾಯಿ. ಅವನು ಬರೇ ಏಜೆಂಟ್ ಅಥವಾ ಬ್ರಾಂಚ್ ಮ್ಯಾನೇಜರ್, ಕೆಲಸಗಾರರು ಕಂಪನಿಯವರೇ ಅಂತ ಟ್ರಿಬ್ಯೂನಲ್ ಹೇಳಿದ್ದನ್ನು ಸುಪ್ರೀಂ ಕೋರ್ಟ್ ಒಪ್ಪಿತು. ಕಾಗದ ಕೋರ್ಟಿನ ಕಣ್ಣು ಕಟ್ಟಲಿಲ್ಲ ಅನ್ನುವುದು ನನಗೆ ಇಲ್ಲಿ ದೊಡ್ಡದಾಗಿ ಕಾಣುತ್ತದೆ.

ಎರಡು ವರ್ಷದಲ್ಲಿ, 1966ರಲ್ಲಿ, ಸಂಸತ್ತು ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯ್ದೆ ಮಾಡಿತು. ಮನೆಯಲ್ಲಿ ಕೂತು ಕಟ್ಟುವವರನ್ನೂ ಉದ್ಯೋಗಿ ಅಂತ ಬರೆಯಿತು. ಯಾರಿಗಾಗಿ ಕೆಲಸ ನಡೆಯುತ್ತದೋ ಅವರನ್ನು ಪ್ರಧಾನ ಮಾಲೀಕ ಅಂದಿತು. ಕಚ್ಚಾ ಮಾಲು ಕೊಡುವ, ಬೀಡಿ ತಿರಸ್ಕರಿಸುವ, ತಿರಸ್ಕರಿಸಿದ್ದಕ್ಕೆ ಕೂಲಿ ಕೊಡುವ ತಕರಾರುಗಳನ್ನು ಬೇಗ ಇತ್ಯರ್ಥ ಮಾಡಲು 39ನೇ ಕಲಮಿನಲ್ಲಿ ಬೇರೆಯೇ ದಾರಿ ಇಟ್ಟಿತು. ಒಂದು ಕಟ್ಟು ಬೀಡಿಯನ್ನು ಒತ್ತಿ ನೋಡಿ ಪಕ್ಕಕ್ಕೆ ಇಡುವ ಕೈಯಲ್ಲಿ ಎಷ್ಟು ಅಧಿಕಾರ ಇದೆ ಅಂತ ಬಲ್ಲವರೇ ಈ ಕಲಂ ಬರೆದಿರಬೇಕು.

ಕಾಯ್ದೆ ಆಯಿತು, ಕೆಲಸ ಹೋಯಿತು. ಕೇರಳ ಇದನ್ನು ಜಾರಿ ಮಾಡಲು ಹೊರಟಾಗ, 1968ರ ಅಕ್ಟೋಬರಿನಲ್ಲಿ ಮಂಗಳೂರು ಗಣೇಶ್ ಬೀಡಿ ಮಲಬಾರಿನ ತನ್ನ ಘಟಕಗಳನ್ನು ಮುಚ್ಚಿತು. ಸುಮಾರು 12,000 ಜನರ ಕೈ ಖಾಲಿಯಾಯಿತು. ಆಗ ಕಾಸರಗೋಡು ಇನ್ನೂ ಕಣ್ಣೂರು ಜಿಲ್ಲೆಯ ತಾಲೂಕು. 1969ರ ಫೆಬ್ರವರಿಯಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಅಲ್ಲಿ ಕೆಲಸಗಾರರೇ ಧಣಿಗಳು. ಏಜೆಂಟರ ಪ್ರಶ್ನೆಯೇ ಇಲ್ಲ.

ಕಂಪನಿಗಳು ಕಾಯ್ದೆಯನ್ನೇ ಪ್ರಶ್ನಿಸಿದವು. 1974ರಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಕಂತ್ರಾಟುದಾರ ಇನ್ನೊಬ್ಬರಿಗಾಗಿ ಆಳು ಇಟ್ಟುಕೊಂಡರೆ ಆ ಇನ್ನೊಬ್ಬರೇ ಪ್ರಧಾನ ಮಾಲೀಕರು. ತನಗಾಗಿಯೇ ಇಟ್ಟುಕೊಂಡರೆ ಅವನೇ ಮಾಲೀಕ. 1978ರಲ್ಲಿ ಕೋಝಿಕ್ಕೋಡಿನ ಹಗ್ಗದ ಕಾರ್ಖಾನೆಯ ಹುಸೈನ್‌ಭಾಯ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇನ್ನೂ ಮುಂದೆ ಹೋದರು. ಕೆಲಸಗಾರನ ಹೊಟ್ಟೆಪಾಡು ಯಾರ ಕೈಯಲ್ಲಿದೆಯೋ ಅವರೇ ನಿಜವಾದ ಮಾಲೀಕರು, ನಡುವಿನ ಕರಾರುಗಳ ಪರದೆ ಸರಿಸಿ ನೋಡಿ ಅಂತ ಅವರ ಮಾತಿನ ತಾತ್ಪರ್ಯ. 1985ರಲ್ಲಿ ಪಿ.ಎಂ. ಪಟೇಲ್ ಪ್ರಕರಣದಲ್ಲಿ ಮನೆಯಲ್ಲಿ ಬೀಡಿ ಕಟ್ಟುವವರಿಗೂ ಪಿ.ಎಫ್. ಉಂಟು ಅಂತ ಆಯಿತು. ಅದಕ್ಕೆ ಕೊಟ್ಟ ಕಾರಣ ನೋಡಿ: ಬೀಡಿ ತಿರಸ್ಕರಿಸುವ ಹಕ್ಕು ಇದೆ ಅಂದರೆ ನಿಯಂತ್ರಣ ಇದೆ ಅಂತಲೇ ಲೆಕ್ಕ.

ನಮ್ಮ ಕರಾವಳಿಯದ್ದೇ ಇನ್ನೊಂದು ಪ್ರಕರಣ ಇದಕ್ಕೆ ಸೇರಬೇಕು. ಅದು ಪಿಗ್ಮಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಬ್ಯಾಂಕು 1928ರಲ್ಲಿ ಶುರು ಮಾಡಿದ ಠೇವಣಿ ಅದು. ಸಂಜೆ ಅಂಗಡಿ ಅಂಗಡಿಗೆ ಬಂದು ಚಿಲ್ಲರೆ ತೆಗೆದುಕೊಂಡು ರಶೀದಿ ಕೊಡುವ ಪಿಗ್ಮಿ ಏಜೆಂಟರನ್ನು ನೋಡದವರು ಈ ಕಡೆ ಯಾರಿದ್ದಾರೆ? ಅಂಗಡಿಯವರ ಮಟ್ಟಿಗೆ ಅವರ ಕೈಗೆ ಕೊಟ್ಟ ದುಡ್ಡು ಬ್ಯಾಂಕಿಗೆ ಕೊಟ್ಟ ಹಾಗೆ. ಅದು ಶುದ್ಧ ಏಜೆನ್ಸಿ. ಆದರೆ ಬ್ಯಾಂಕಿನ ಮಟ್ಟಿಗೆ ಅವರು ಯಾರು? ಬರೇ ಕಮಿಷನ್ ಏಜೆಂಟರು ಅಂದವು ಬ್ಯಾಂಕುಗಳು. 2001ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಕಾರ್ಮಿಕರು ಅಂದಿತು. ಕಮಿಷನ್ ಕೂಡ ಕೂಲಿಯೇ ಅಂದಿತು. ಬ್ಯಾಂಕಿನ ಖಾಯಂ ನೌಕರರಲ್ಲ, ಆದರೆ ಗ್ರಾಚುಟಿಯಂಥ ಸೌಲಭ್ಯ ಉಂಟು. ಒಬ್ಬನೇ ಮನುಷ್ಯ ಗಿರಾಕಿಗೆ ಏಜೆಂಟ್, ಬ್ಯಾಂಕಿಗೆ ಕಾರ್ಮಿಕ. ಪರೀಕ್ಷೆಯಲ್ಲಿ ಎರಡರಲ್ಲಿ ಒಂದು ಅಂತ ಬರೆದು ಬರುವವರು ಜಾಸ್ತಿ. ನಿಜದಲ್ಲಿ ಎರಡೂ ಒಟ್ಟಿಗೇ ಇರಬಹುದು.

2025ರ ನವೆಂಬರ್ 21ರಂದು, ಹಳೆಯ ಕಾರ್ಮಿಕ ಕಾಯ್ದೆಗಳನ್ನು ಒಟ್ಟುಗೂಡಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಬೀಡಿ ಕಾಯ್ದೆಯೂ ಅದರೊಳಗೆ ಸೇರಿತು. ಆ್ಯಪ್ ಮೂಲಕ ಆರ್ಡರ್ ಪಡೆದು ಊಟ ತಲುಪಿಸುವ ಹುಡುಗರಿಗೆ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಗಿಗ್ ಕಾರ್ಮಿಕ ಅನ್ನುವ ಹೊಸ ಜಾಗ ಸಿಕ್ಕಿತು. ಆ ಜಾಗ ಸಾಂಪ್ರದಾಯಿಕ ಮಾಲೀಕ-ನೌಕರ ಸಂಬಂಧದ ಹೊರಗೆ. ಕಂಪನಿ ವಹಿವಾಟಿನ ಶೇ. 1ರಿಂದ 2ರಷ್ಟನ್ನು ಅವರ ಭದ್ರತೆಗೆ ಕೊಡಬೇಕು. ಅದಕ್ಕೂ ಅವರಿಗೆ ಪಾವತಿಸುವ ಮೊತ್ತದ ಶೇ. 5ರ ಮಿತಿ ಇದೆ. ಏನೂ ಇಲ್ಲದ್ದಕ್ಕಿಂತ ಒಳ್ಳೆಯದು, ನಿಜ. ಆದರೆ ದರ ನಿಗದಿ ಮಾಡುವುದು ಆ್ಯಪ್, ರೇಟಿಂಗ್ ಕೆಳಗಿಳಿದರೆ ಆರ್ಡರ್ ಕಡಿಮೆ ಮಾಡುವುದೂ ಆ್ಯಪ್. ಬೀಡಿ ತಿರಸ್ಕರಿಸುವ ಹಕ್ಕು ನಿಯಂತ್ರಣ ಆದರೆ ಇದೂ ನಿಯಂತ್ರಣವೇ ಅಲ್ವಾ? ಇವರನ್ನು ಹೊರಗಿಟ್ಟದ್ದು ತಪ್ಪು ಅಂತ ನಾನು ತಿಳಿದಿದ್ದೇನೆ.

ಗಡಿಯವರಿಗೆ ಇನ್ನೊಂದು ತೊಡಕು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗೆ ತನ್ನದೇ ಕಾಯ್ದೆ ಮಾಡಿದೆ. ಅದರಲ್ಲಿ ಕಂಪನಿಗಳು ಕಲ್ಯಾಣ ಶುಲ್ಕ ಕಟ್ಟಬೇಕು. ತಲಪಾಡಿ ಗಡಿ ದಾಟಿ ಮಂಗಳೂರಿನಲ್ಲಿ ಬೈಕ್ ಓಡಿಸುವ ಮಂಜೇಶ್ವರದ ಹುಡುಗನಿಗೆ ಅದು ಸಿಗಬಹುದು. ಅದೇ ಆ್ಯಪ್‌ಗೆ ಕಾಸರಗೋಡು ಪೇಟೆಯಲ್ಲಿ ದುಡಿಯುವ ಅವನ ತಮ್ಮನಿಗೆ ಇಲ್ಲ. ಇಬ್ಬರೂ ಸೇರುವಾಗ ಒಪ್ಪಿದ ಕರಾರಿನಲ್ಲಿ ತಾವು ಯಾರೆಂದು ಬರೆದಿದೆ, ಅಪಘಾತವಾದರೆ ವಿಮೆ ಯಾರದ್ದು, ಐಡಿ ಬ್ಲಾಕ್ ಆದರೆ ಯಾರಲ್ಲಿ ಕೇಳಬೇಕು ಅಂತ ಒಮ್ಮೆ ಓದಿಸಿ ನೋಡಿ. ಮಂಜೇಶ್ವರದ ಗೋವಿಂದ ಪೈ ಕಾಲೇಜಿನಲ್ಲಿ, ಕಾಸರಗೋಡಿನ ಕಾಲೇಜುಗಳಲ್ಲಿ ಕಾಮರ್ಸ್ ಓದುವ ಮಕ್ಕಳು ಆ ಕರಾರನ್ನು ಮುಂದಿಟ್ಟುಕೊಂಡು, ಪಕ್ಕದಲ್ಲಿ 182ನೇ ಕಲಂ ಮತ್ತು ಪಿಗ್ಮಿ ತೀರ್ಪು ಇಟ್ಟು, ಒಂದು ತರಗತಿ ಪೂರ್ತಿ ವಾದ ಮಾಡಬಹುದು.