ಅಕ್ಕತಂಗಿಯರ ನೆರಳು ಎಲ್ಲಿ ಹೋಯಿತು?

ಜಪಾನಿನ ಅನಿಮೇಷನ್ ಚಿತ್ರ ‘ಮೈ ನೇಬರ್ ಟೊಟೊರೊ’ದ ಕೊನೆಯ ಭಾಗದಲ್ಲಿ ಸತ್ಸುಕಿ ಮತ್ತು ಮೇ ಎಂಬ ಅಕ್ಕತಂಗಿಯರ ನೆರಳು ಕಾಣುವುದಿಲ್ಲ. ಇಷ್ಟರ ಮೇಲೆಯೇ ದೊಡ್ಡದೊಂದು ವದಂತಿ ಬೆಳೆಯಿತು: ಹುಡುಗಿಯರು ಆಗಲೇ ಸತ್ತಿದ್ದಾರೆ, ಅವರಿಗೆ ಸಿಗುವ ಕಾಡಿನ ಮುದ್ದು ಪ್ರಾಣಿ ಟೊಟೊರೊ ಸಾವಿನ ದೇವರು, ಕಥೆಯ ಮೂಲ 1963ರ ಮೇ ತಿಂಗಳಲ್ಲಿ ಜಪಾನಿನ ಸಯಾಮಾದಲ್ಲಿ ನಡೆದ ವಿದ್ಯಾರ್ಥಿನಿಯೊಬ್ಬಳ ಕೊಲೆ. 2007ರಲ್ಲಿ ಚಿತ್ರ ತಯಾರಿಸಿದ ಸ್ಟುಡಿಯೊ ಘಿಬ್ಲಿ ತಾನೇ ಮುಂದೆ ಬಂದು ಇದನ್ನು ಅಲ್ಲಗಳೆಯಿತು. ಆದರೂ ಜನ ನಂಬುವುದನ್ನು ಬಿಟ್ಟಿಲ್ಲ. ಅವರ ಅನುಮಾನವನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ, ಏಕೆಂದರೆ ಮುದ್ದು ಪ್ರಾಣಿಗಳ ಬೆನ್ನ ಮೇಲೆ ಕರಾಳ ಇತಿಹಾಸ ಹೊರಿಸಿದ ಉದಾಹರಣೆಗಳು ನಿಜಕ್ಕೂ ಇವೆ.

ಜಪಾನಿನ ಮೊದಲ ಪೂರ್ಣಾವಧಿ ಅನಿಮೇಷನ್ ಚಿತ್ರವೇ ಅಂಥದ್ದು. ನೌಕಾಪಡೆ ಮಾಡಿಸಿದ ಮೊಮೊತಾರೊ ಚಿತ್ರ ತೆರೆ ಕಂಡದ್ದು 1945ರ ಏಪ್ರಿಲ್‌ನಲ್ಲಿ. ಪೀಚ್ ಹಣ್ಣಿನಿಂದ ಹುಟ್ಟಿದ ಹುಡುಗ ರಾಕ್ಷಸರ ದ್ವೀಪ ಗೆಲ್ಲುವ ಅಜ್ಜಿಕಥೆ ಅದರ ಬುನಾದಿ. ಸಮವಸ್ತ್ರ ತೊಟ್ಟ ಪ್ರಾಣಿಗಳು ದಕ್ಷಿಣದ ಕಾಡಿನ ಪ್ರಾಣಿಗಳಿಗೆ ಹಾಡು ಹೇಳಿಕೊಟ್ಟು ಜಪಾನಿ ಅಕ್ಷರ ಕಲಿಸುತ್ತವೆ. ಕೊನೆಗೆ ಕೊಂಬಿನ ರಾಕ್ಷಸರು ಇಂಗ್ಲಿಷ್ ಮಾತಾಡುತ್ತಾ ಶರಣಾಗುತ್ತಾರೆ. ಆ ದೃಶ್ಯದ ಹಿಂದಿರುವುದು 1942ರ ಫೆಬ್ರವರಿಯಲ್ಲಿ ಸಿಂಗಪುರದ ಬ್ರಿಟಿಷ್ ಸೇನೆ ಶರಣಾದ ಘಟನೆ. ಶತ್ರು ಯಾರೆಂದು ಮಗುವಿಗೂ ತಿಳಿಯಲಿ ಎಂದೇ ಮಾಡಿದ ಚಿತ್ರವಾದ್ದರಿಂದ ಇಲ್ಲಿ ಗುಟ್ಟೇನೂ ಇಲ್ಲ.

ಗುಟ್ಟು ಇದ್ದದ್ದು ಬ್ರಿಟನ್ನಿನಲ್ಲಿ ತಯಾರಾದ 1954ರ ‘ಅನಿಮಲ್ ಫಾರ್ಮ್’ನಲ್ಲಿ. ಅದಕ್ಕೆ ಮೂಲವಾದ ಜಾರ್ಜ್ ಆರ್ವೆಲ್ ಕಾದಂಬರಿ ಸೋವಿಯತ್ ಕ್ರಾಂತಿಯ ಅನ್ಯೋಕ್ತಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಚಿತ್ರಕ್ಕೆ ನಿರ್ಮಾಪಕ ಲೂಯಿ ಡಿ ರೋಷ್‌ಮಾಂಟ್ ಮೂಲಕ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಹಣ ಬಂದಿತ್ತು ಎಂಬುದು ಬಯಲಾದದ್ದು ಎಷ್ಟೋ ವರ್ಷಗಳ ನಂತರ. ಕೊನೆಯ ದೃಶ್ಯವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಪುಸ್ತಕದಲ್ಲಿ ಪ್ರಾಣಿಗಳು ಕಿಟಕಿಯ ಹೊರಗೆ ನಿಂತು ಹಂದಿಯನ್ನೂ ಮನುಷ್ಯನನ್ನೂ ದಿಟ್ಟಿಸುತ್ತವೆ, ಯಾರು ಯಾರೆಂದು ಗುರುತೇ ಹತ್ತುವುದಿಲ್ಲ. ಚಿತ್ರದಲ್ಲಿ ಆ ಕೋಣೆಯೊಳಗೆ ಮನುಷ್ಯರೇ ಇಲ್ಲ. ಬರೀ ಹಂದಿಗಳಿವೆ, ಹೊರಗಿನ ಪ್ರಾಣಿಗಳು ಮನೆಗೆ ನುಗ್ಗಿ ಅವನ್ನು ಉರುಳಿಸುತ್ತವೆ. ಆರ್ವೆಲ್ ಹಳೆಯ ಯಜಮಾನನಾದ ಮನುಷ್ಯ ಮತ್ತು ಹೊಸ ಯಜಮಾನನಾದ ಹಂದಿ ಇಬ್ಬರಿಗೂ ಕೊಟ್ಟಿದ್ದ ಪೆಟ್ಟು ಇಲ್ಲಿ ಹಂದಿಗೆ ಮಾತ್ರ ಬೀಳುತ್ತದೆ. ಶೀತಲ ಸಮರ ನಡೆಸುತ್ತಿದ್ದವರಿಗೆ ಬೇಕಾಗಿದ್ದೂ ಅದೇ. ಹಾಗಾಗಿ ಇಂಥ ಚಿತ್ರಗಳನ್ನು ಓದುವಾಗ ಸಂಕೇತ ಹುಡುಕುವುದಕ್ಕೆ ಮೊದಲು ಎರಡು ವಿಷಯ ವಿಚಾರಿಸಬೇಕು: ದುಡ್ಡು ಯಾರದು, ಮೂಲ ಕಥೆಯಿಂದ ಏನನ್ನು ತೆಗೆದರು.

ಇನ್ನು ಕೆಲವು ಚಿತ್ರಗಳಲ್ಲಿ ಇತಿಹಾಸ ಮೇಲ್ನೋಟಕ್ಕೇ ಸಿಗುತ್ತದೆ. 1986ರ ‘ಆನ್ ಅಮೆರಿಕನ್ ಟೇಲ್’ 1885ರ ರಷ್ಯಾದಲ್ಲಿ ಶುರುವಾಗುತ್ತದೆ. ಕೊಸಾಕ್ ಎಂಬ ಕುದುರೆ ಸೈನಿಕರ ಜತೆ ಬೆಕ್ಕುಗಳು ದಾಳಿ ಮಾಡಿ ಯಹೂದಿ ಇಲಿಗಳ ಮನೆ ಸುಡುತ್ತವೆ. ‘ದಿ ಲಯನ್ ಕಿಂಗ್’ನ (1994) ಒಂದು ಹಾಡಿನಲ್ಲಿ ಕತ್ತೆಕಿರುಬಗಳು ಎತ್ತರದಲ್ಲಿ ನಿಂತ ಖಳ ಸಿಂಹ ಸ್ಕಾರ್‌ನ ಮುಂದೆ ಸಾಲುಸಾಲಾಗಿ ಕಾಲೆತ್ತಿ ಹೆಜ್ಜೆ ಹಾಕುವುದು ನಾಜಿ ಮೆರವಣಿಗೆಗಳ ದೃಶ್ಯವನ್ನು ನೋಡಿಯೇ ಮಾಡಿದ್ದು. ಆದರೆ ಅದು ಒಂದು ಹಾಡಿನ ಮಟ್ಟದ ಉಲ್ಲೇಖ. ಅದನ್ನೇ ಹಿಡಿದು ಇಡೀ ಚಿತ್ರವೇ ಜರ್ಮನಿಯ ಕಥೆ ಎಂದು ಹೊರಟರೆ ನಾಯಕ ಸಿಂಬಾನ ಪಾತ್ರಕ್ಕೇ ಜೋಡಿ ಸಿಗುವುದಿಲ್ಲ. ಓದು ಎಡವುವುದು ಬಹುತೇಕ ಇಲ್ಲಿಯೇ.

ಟೊಟೊರೊ ವದಂತಿಯ ಎಳೆಗಳನ್ನು ಒಂದೊಂದಾಗಿ ಬಿಚ್ಚಿ ನೋಡೋಣ. ಸತ್ಸುಕಿ, ಮೇ ಎರಡೂ ಮೇ ತಿಂಗಳ ಹೆಸರುಗಳೇ, ಕೊಲೆಯೂ ಮೇ ತಿಂಗಳಲ್ಲೇ ಆಯಿತು ಎನ್ನುವುದು ಮೊದಲ ಎಳೆ. ನಿರ್ದೇಶಕ ಮಿಯಾಝಾಕಿ ಮೊದಲು ಯೋಚಿಸಿದ್ದ ಕಥೆಯಲ್ಲಿ ಇದ್ದವಳು ಒಬ್ಬಳೇ ಹುಡುಗಿ. ಆಮೇಲೆ ಅವಳನ್ನೇ ಇಬ್ಬರಾಗಿ ಒಡೆದರು. ಹೆಸರು ಜೋಡಿಯಾದದ್ದು ಹಾಗೆ. ಬಸ್ ನಿಲ್ದಾಣದ ದೃಶ್ಯವಿರುವ ಚಿತ್ರದ ಪೋಸ್ಟರ್‌ನಲ್ಲಿ ಇಂದಿಗೂ ಇರುವುದು ಇಬ್ಬರ ಚಹರೆ ಬೆರೆತ ಒಬ್ಬ ಹುಡುಗಿ. ಕಾಣೆಯಾದ ಮೇಯನ್ನು ಹುಡುಕುವಾಗ ಕೆರೆಯಲ್ಲಿ ಸಿಕ್ಕ ಚಪ್ಪಲಿ ಮೇಯದ್ದೇ ಎನ್ನುವುದು ಇನ್ನೊಂದು ಎಳೆ. ಅದು ತಂಗಿಯದಲ್ಲ ಎಂದು ಸತ್ಸುಕಿ ತೆರೆಯ ಮೇಲೆಯೇ ಹೇಳುತ್ತಾಳೆ, ವದಂತಿ ಉಳಿಯಬೇಕಾದರೆ ಅವಳನ್ನು ಸುಳ್ಳುಗಾರ್ತಿ ಮಾಡಬೇಕು. ನೆರಳಿನ ಮಾತಂತೂ ಪೂರ್ತಿ ಕೆಲಸದ ಮನೆಯದು. ಕೈಯಲ್ಲಿ ಚಿತ್ರ ಬಿಡಿಸುತ್ತಿದ್ದ ಕಾಲದಲ್ಲಿ ನೆರಳೂ ತಾನಾಗಿ ಬೀಳುತ್ತಿರಲಿಲ್ಲ, ಅದನ್ನೂ ಬಿಡಿಸಿ ಬಣ್ಣ ತುಂಬಬೇಕಿತ್ತು. ಆ ದೃಶ್ಯಗಳಿಗೆ ಬೇಡವೆನಿಸಿ ಬಿಟ್ಟೆವು ಎಂದೇ ಘಿಬ್ಲಿ ವಿವರಿಸಿತು. ವದಂತಿ ಹಬ್ಬಿದ ಕಾಲವನ್ನೂ ಗಮನಿಸಬೇಕು: ಚಿತ್ರ 1988ರದು, ಮಾತು ಅಂತರಜಾಲದಲ್ಲಿ ಹರಡಿದ್ದು 2000ದ ದಶಕದಲ್ಲಿ.

ಈ ಗದ್ದಲದಲ್ಲಿ ಚಿತ್ರದೊಳಗಿನ ನಿಜವಾದ ಇತಿಹಾಸ ಮರೆಯಾಗಿಬಿಟ್ಟಿದೆ. ಮಕ್ಕಳ ತಾಯಿ ಊರಾಚೆಯ ಆಸ್ಪತ್ರೆಯಲ್ಲಿದ್ದಾಳೆ, ಕಾಯಿಲೆ ಏನೆಂದು ಯಾರೂ ಹೇಳುವುದಿಲ್ಲ. 1950ರವರೆಗೂ ಜಪಾನಿನಲ್ಲಿ ಅತಿ ಹೆಚ್ಚು ಜನರನ್ನು ಕೊಂದದ್ದು ಕ್ಷಯ. ಮಿಯಾಝಾಕಿಯ ತಾಯಿಯೂ ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು. ತಾಯಿ ಬದುಕಿ ಬರುತ್ತಾಳೋ ಇಲ್ಲವೋ ಎಂದು ಸತ್ಸುಕಿ ಬಿಕ್ಕಿ ಅಳುವ ಅಳು ಆ ತಲೆಮಾರಿನ ಮಕ್ಕಳದು. ಮೇ ಮೆಕ್ಕೆಜೋಳದ ತೆನೆಯೊಂದನ್ನು ಎದೆಗವಚಿಕೊಂಡು ಆಸ್ಪತ್ರೆಗೆ ಒಬ್ಬಳೇ ಹೊರಟು ದಾರಿ ತಪ್ಪುವುದೂ ಆ ಭಯದಿಂದಲೇ. ಆ ತೆನೆ ಕೊನೆಗೆ ಆಸ್ಪತ್ರೆಯ ಕಿಟಕಿಯ ಮೇಲೆ ಸಿಗುತ್ತದೆ, ಸಿಪ್ಪೆಯ ಮೇಲೆ ಗೀಚಿದ ಅಕ್ಷರ: ‘ಅಮ್ಮನಿಗೆ’.