ನಾಲ್ಕು ದಿನ ಜಿಡ್ಡು ತಿಂದರೆ ಸಿಆರ್‌ಪಿ ಏರುತ್ತಾ?

ಲ್ಯಾಬಿನ ಕೌಂಟರಿನಲ್ಲಿ ಈಚೆಗೆ ಒಂದು ಹೊಸ ಬೇಡಿಕೆ ಶುರುವಾಗಿದೆ. "ರಜೆಯಲ್ಲಿ ಸಿಕ್ಕಾಪಟ್ಟೆ ತಿಂದುಬಿಟ್ಟಿದ್ದೀನಿ. ಮೈಯೊಳಗೆ ಉರಿಯೂತ ಆಗಿದೆಯಾ ಅಂತ ಒಂದು ಸಿಆರ್‌ಪಿ ಮಾಡಿ ನೋಡ್ತೀರಾ?" ಸಿಆರ್‌ಪಿ ಅಂದರೆ ಸಿ-ರಿಯಾಕ್ಟಿವ್ ಪ್ರೋಟೀನ್, ಉರಿಯೂತವಿದ್ದಾಗ ರಕ್ತದಲ್ಲಿ ಏರುವಂಥದ್ದು. ಕೇಳುವವರ ಕೈಯಲ್ಲಿ ಡಾಕ್ಟರ ಚೀಟಿ ಇರುವುದಿಲ್ಲ. ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಬಂದಿರುತ್ತಾರೆ. ಕೇಳಿದ ಪರೀಕ್ಷೆ ಮಾಡಿಕೊಡುವುದೇ ನಮ್ಮ ಕೆಲಸ, ಆದರೂ ನಾನು ಸಾಮಾನ್ಯವಾಗಿ ಬೇಡ ಅಂತಲೇ ಹೇಳುತ್ತೇನೆ. ಯಾಕೆ ಅನ್ನುವುದನ್ನು ಕೌಂಟರಿನಲ್ಲಿ ನಿಂತು ಹೇಳಿ ಮುಗಿಸಲು ಆಗುವುದಿಲ್ಲ.

ಗಾಯವಾದ ಜಾಗ ಕೆಂಪಾಗಿ, ಊದಿಕೊಂಡು, ಬಿಸಿಯಾಗಿ ನೋಯುತ್ತದಲ್ಲ, ಅದು ಎಲ್ಲರಿಗೂ ಗೊತ್ತಿರುವ ಉರಿಯೂತ. ಇನ್ನೊಂದು ಬಗೆಯದು ಕಣ್ಣಿಗೆ ಕಾಣುವುದಿಲ್ಲ, ನೋಯುವುದೂ ಇಲ್ಲ. ಬಿಳಿ ರಕ್ತಕಣಗಳು ಒಂದಿಷ್ಟು ಚುರುಕಾಗಿರುತ್ತವೆ, ಐಎಲ್-6, ಟಿಎನ್ಎಫ್ ಅನ್ನುವ ಸಂದೇಶ ಒಯ್ಯುವ ಪ್ರೋಟೀನುಗಳು ರಕ್ತದಲ್ಲಿ ಚೂರು ಜಾಸ್ತಿ ಇರುತ್ತವೆ. ಐಎಲ್-6 ಲಿವರಿಗೆ ಮುಟ್ಟಿದಾಗ ಲಿವರ್ ಸಿಆರ್‌ಪಿ ತಯಾರಿಸುತ್ತದೆ. ಈ ಸಿಆರ್‌ಪಿ ಮೊದಲು ಗೊತ್ತಾಗಿದ್ದು 1930ರಲ್ಲಿ, ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಜೋರು ಸೋಂಕಿದ್ದರೆ ಇದು ಲೀಟರಿಗೆ 100 ಮಿಲಿಗ್ರಾಂ ದಾಟುವುದು ಮಾಮೂಲು. ಹೃದಯದ ಅಪಾಯ ಅಳೆಯುವಾಗ ನಾವು ನೋಡುವುದು 1ಕ್ಕಿಂತ ಕಡಿಮೆಯಾ, 1ರಿಂದ 3ರ ನಡುವೆಯಾ, 3ಕ್ಕಿಂತ ಜಾಸ್ತಿಯಾ ಅಂತ. ಅಂದರೆ ನಾವು ಹುಡುಕುತ್ತಿರುವುದು ತೀರಾ ಸಣ್ಣ ಏರುಪೇರನ್ನು. ಇದು ನೆನಪಿರಲಿ.

ಈಗ ಒಂದು ಭರ್ಜರಿ ಜಿಡ್ಡೂಟದ ಲೆಕ್ಕ ನೋಡೋಣ. ತಿಂದ ಕೊಬ್ಬನ್ನು ಪಿತ್ತರಸ ಒಡೆಯುತ್ತದೆ. ಕರುಳಿನ ಜೀವಕೋಶಗಳು ಅದನ್ನು ಸಣ್ಣ ಸಣ್ಣ ಗೋಲಿಗಳಾಗಿ ಕಟ್ಟಿ ರಕ್ತಕ್ಕೆ ಬಿಡುತ್ತವೆ. ಮೂರ್ನಾಲ್ಕು ಗಂಟೆಗೆ ರಕ್ತದ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿ ಓಡಾಡುವ ಕೊಬ್ಬು, ತುತ್ತತುದಿಗೆ ಹೋಗುತ್ತದೆ, ಕೆಳಗಿಳಿಯಲು ಆರರಿಂದ ಎಂಟು ಗಂಟೆ ಬೇಕು. ಆ ಹೊತ್ತಿನಲ್ಲಿ ರಕ್ತ ಕೊಟ್ಟರೆ ನಮಗೆ ತಕ್ಷಣ ಗೊತ್ತಾಗಿಬಿಡುತ್ತದೆ. ಟ್ಯೂಬನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದ ಮೇಲೆ ಕೆಂಪುಕಣಗಳು ತಳಕ್ಕೆ ಕೂತು, ಮೇಲೆ ತಿಳಿ ಹಳದಿ ಸೀರಮ್ ನಿಲ್ಲಬೇಕು. ಇವರದ್ದು ಹಾಲು ಬೆರೆಸಿದ ಹಾಗೆ ಬೆಳ್ಳಗಿರುತ್ತದೆ. ಟ್ಯೂಬಿನ ಹಿಂದೆ ಚೀಟಿ ಹಿಡಿದರೆ ಅಕ್ಷರ ಓದಲಾಗುವುದಿಲ್ಲ. ಬೆಳಕು ಹಾಯಿಸಿ ಅಳೆಯುವ ಎಷ್ಟೋ ಪರೀಕ್ಷೆಗಳು ಇಂಥ ಸೀರಮ್ಮಿನಲ್ಲಿ ತಪ್ಪು ಅಂಕಿ ಕೊಡುತ್ತವೆ. ಆಗ ಮತ್ತೆ ಕರೆಸಿ ರಕ್ತ ತೆಗೆಯಬೇಕಾಗುತ್ತದೆ.

ಆ ಕೊಬ್ಬಿನ ಗೋಲಿಗಳ ಜೊತೆ ಕರುಳಿನ ಬ್ಯಾಕ್ಟೀರಿಯಾಗಳ ಹೊರಪದರದ ಚೂರುಗಳೂ ಒಂದಿಷ್ಟು ಒಳಗೆ ನುಸುಳುತ್ತವೆ. ಇವನ್ನು ಎಂಡೋಟಾಕ್ಸಿನ್ ಅನ್ನುತ್ತಾರೆ. ಇದನ್ನು ಕಂಡ ಬಿಳಿ ರಕ್ತಕಣಗಳು ಎಚ್ಚೆತ್ತುಕೊಳ್ಳುತ್ತವೆ. 2018ರಲ್ಲಿ ಅಮೆರಿಕದ ಜಾರ್ಜಿಯಾದ ವೈದ್ಯಕೀಯ ಕಾಲೇಜಿನವರು ಆರೋಗ್ಯವಾಗಿದ್ದ 10 ಗಂಡಸರಿಗೆ ಕೊಬ್ಬು ತುಂಬಿದ ಮಿಲ್ಕ್‌ಶೇಕ್ ಕುಡಿಸಿ ನೋಡಿದ್ದರು. ನಾಲ್ಕು ಗಂಟೆ ಕಳೆಯುವುದರೊಳಗೆ ಕೆಂಪುಕಣಗಳ ಮೇಲೆ ಮುಳ್ಳಿನಂಥ ಮೊನೆಗಳೆದ್ದವು. ಬಿಳಿಕಣಗಳು ಬಿಡುವ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವವೂ ಏರಿತು. ಹಾಗಾಗಿ ಒಂದೇ ಊಟಕ್ಕೆ ಏನೂ ಆಗುವುದಿಲ್ಲ ಅನ್ನುವಂತಿಲ್ಲ. ಆದರೆ ಬೇರೆ ಬೇರೆ ಕಡೆ ಮಾಡಿದ ಇಂಥ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ಕೆಲವು ಗಂಟೆಗಳಲ್ಲಿ ಸಿಆರ್‌ಪಿ ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ. ಹೆಚ್ಚಾಗಿ ಏರುವುದು ಐಎಲ್-6.

ಆ ಐಎಲ್-6ರಲ್ಲೂ ಒಂದು ತಕರಾರಿದೆ, ವಿಡಿಯೋ ಮಾಡುವವರು ಇದನ್ನು ಹೇಳುವುದೇ ಇಲ್ಲ. ಇಂಥ ಪ್ರಯೋಗದಲ್ಲಿ ಗಂಟೆಗೊಮ್ಮೆ ರಕ್ತ ಬೇಕು. ಪ್ರತಿಸಲ ಚುಚ್ಚುವ ಬದಲು ತೋಳಿನ ರಕ್ತನಾಳಕ್ಕೆ ಕ್ಯಾನುಲಾ ಅನ್ನುವ ಸಣ್ಣ ಕೊಳವೆ ಹಾಕಿ ಬಿಟ್ಟಿರುತ್ತಾರೆ. ಆ ಕ್ಯಾನುಲಾ ಕೂತ ಜಾಗದಲ್ಲೇ ಸಣ್ಣದೊಂದು ಗಾಯ, ಅಲ್ವಾ? ಅಲ್ಲಿನ ಜೀವಕೋಶಗಳು ತಾವೇ ಐಎಲ್-6 ಬಿಡುತ್ತವೆ. ಅದೇ ಕ್ಯಾನುಲಾದಿಂದ ತೆಗೆದ ರಕ್ತದಲ್ಲಿ ಗಂಟೆ ಕಳೆದಂತೆ ಐಎಲ್-6 ಏರುತ್ತಾ ಹೋಗುತ್ತದೆ. ಇನ್ನೊಂದು ಕೈಯಿಂದ ತೆಗೆದರೆ ಅಷ್ಟು ಏರಿರುವುದಿಲ್ಲ. ಹಾಗಾಗಿ ಊಟದ ನಂತರದ ಏರಿಕೆಯಲ್ಲಿ ಬೆಣ್ಣೆಯ ಪಾಲೆಷ್ಟು, ಸೂಜಿಯ ಪಾಲೆಷ್ಟು ಅಂತ ಬಿಡಿಸಿ ನೋಡಬೇಕು. ಕ್ಯಾನುಲಾ ಹಾಕಿ ಏನೂ ತಿನ್ನಿಸದೆ ಕೂರಿಸಿದ ಗುಂಪೊಂದು ಜೊತೆಗಿಲ್ಲದ ಪ್ರಯೋಗವನ್ನು ನಾನಂತೂ ಪೂರ್ತಿ ನಂಬುವುದಿಲ್ಲ.

ಸರಿ, ಒಂದು ಊಟ ಬಿಡಿ. ನಾಲ್ಕೈದು ದಿನ, ಒಂದು ವಾರ ತಿಂದರೆ? 2009ರಲ್ಲಿ ಡೆನ್ಮಾರ್ಕಿನಲ್ಲಿ 26 ಆರೋಗ್ಯವಂತ ಯುವಕರಿಗೆ 5 ದಿನ, ಬೇಕಾದ್ದಕ್ಕಿಂತ ಶೇ. 50ರಷ್ಟು ಜಾಸ್ತಿ ಕ್ಯಾಲೊರಿ ತಿನ್ನಿಸಿದರು. ಅದರಲ್ಲಿ ಶೇ. 60 ಕೊಬ್ಬಿನದೇ. ಐದೇ ದಿನಕ್ಕೆ ಅವರ ಲಿವರ್ ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳದ ಹಾಗಾಯಿತು. ಖಾಲಿ ಹೊಟ್ಟೆಯಲ್ಲೂ ರಕ್ತಕ್ಕೆ ಜಾಸ್ತಿ ಸಕ್ಕರೆ ಬಿಡತೊಡಗಿತು. ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿದು ಹೇಗೋ ಸರಿದೂಗಿಸಿತು. ಸ್ನಾಯುಗಳ ಮಟ್ಟದಲ್ಲಿ ಇನ್ನೂ ವ್ಯತ್ಯಾಸ ಬಂದಿರಲಿಲ್ಲ. ಇಂಥ ಅಲ್ಪಾವಧಿಯ ಬೇರೆ ಪ್ರಯೋಗಗಳಲ್ಲೂ ಸುಮಾರಾಗಿ ಇದೇ ಕಥೆ. ತೆಳ್ಳಗಿರುವ ಆರೋಗ್ಯವಂತರಲ್ಲಿ ಸಕ್ಕರೆ ನಿಭಾಯಿಸುವ ಶಕ್ತಿ ದಿನಗಳಲ್ಲೇ ಕುಗ್ಗುತ್ತದೆ. ರಕ್ತದಲ್ಲಿ ಉರಿಯೂತದ ಗುರುತುಗಳು ಮಾತ್ರ ಅಷ್ಟಾಗಿ ಅಲುಗುವುದಿಲ್ಲ.

ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಈ ಹಿಂದು ಮುಂದು. ಬಹಳ ಕಾಲ ನಾವು ಓದಿಕೊಂಡು ಬಂದಿದ್ದು, ಮೊದಲು ಉರಿಯೂತ, ಅದರಿಂದ ಇನ್ಸುಲಿನ್ ಕೆಲಸ ಕೆಡುವುದು ಅಂತ. ಅದಕ್ಕೆ ಆಧಾರವೂ ಇತ್ತು. ಬೊಜ್ಜು ಬಂದ ಇಲಿಗಳ ಕೊಬ್ಬಿನಲ್ಲೇ ಟಿಎನ್ಎಫ್ ತಯಾರಾಗುತ್ತದೆ ಅಂತ 1993ರಲ್ಲಿ ಗೊತ್ತಾಯಿತು. 2003ರಲ್ಲಿ ಬೊಜ್ಜಿನೊಳಗೆ ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕಣಗಳು ತುಂಬಿಕೊಳ್ಳುವುದು ಕಂಡಿತು. ಅವೆರಡೂ ಸುಳ್ಳಲ್ಲ. ಆದರೆ ಅದು ತಿಂಗಳು, ವರ್ಷಗಳ ವಿಷಯ. ಕೊಬ್ಬಿನ ಜೀವಕೋಶ ತುಂಬಿ ತುಂಬಿ ದೊಡ್ಡದಾಗುತ್ತದೆ, ಆಮ್ಲಜನಕ ಸಾಲದೆ ಕೆಲವು ಸಾಯುತ್ತವೆ, ಸತ್ತದ್ದರ ಸುತ್ತ ಮ್ಯಾಕ್ರೊಫೇಜ್‌ಗಳು ಮುತ್ತಿಕೊಳ್ಳುತ್ತವೆ. ನಾಲ್ಕು ದಿನಕ್ಕೆ ಅಷ್ಟೆಲ್ಲ ಆಗುವುದಿಲ್ಲ. ಮೊದಲ ಪೆಟ್ಟು ಬೀಳುವುದು ಲಿವರಿಗೆ, ಅದೂ ಸಿಆರ್‌ಪಿಗೆ ಸುಳಿವು ಕೊಡದ ಹಾಗೆ.

ಎಂಥ ಕೊಬ್ಬು ಅನ್ನುವುದರಿಂದಲೂ ವ್ಯತ್ಯಾಸವಾಗುತ್ತದೆ. 2018ರಲ್ಲಿ ಫಿನ್ಲೆಂಡಿನವರು ತೂಕ ಜಾಸ್ತಿಯಿದ್ದ 38 ಜನರಿಗೆ 3 ವಾರ, ದಿನಕ್ಕೆ 1000 ಕ್ಯಾಲೊರಿ ಹೆಚ್ಚಿಗೆ ಕೊಟ್ಟರು. ಬೆಣ್ಣೆ, ಚೀಸ್‌ನಂಥ ಸ್ಯಾಚುರೇಟೆಡ್ ಕೊಬ್ಬು ತಿಂದವರ ಲಿವರಿನ ಕೊಬ್ಬು ಶೇ. 55ರಷ್ಟು ಏರಿತು. ಸಕ್ಕರೆ ತಿಂದವರಲ್ಲಿ ಶೇ. 33. ಆಲಿವ್ ಎಣ್ಣೆ, ಬೀಜಗಳಂಥ ಅನ್‌ಸ್ಯಾಚುರೇಟೆಡ್ ಕೊಬ್ಬು ತಿಂದವರಲ್ಲಿ ಶೇ. 15. ರಕ್ತದಲ್ಲಿ ಎಂಡೋಟಾಕ್ಸಿನ್ ಸುಳಿವು ಜಾಸ್ತಿಯಾಗಿದ್ದೂ ಮೊದಲನೇ ಗುಂಪಿನಲ್ಲೇ. ಕ್ಯಾಲೊರಿ ಮಾತ್ರ ಎಲ್ಲರಿಗೂ ಒಂದೇ.

ಇಷ್ಟೆಲ್ಲ ಕೇಳಿ "ಹಾಗಾದರೆ ವಾರಾಂತ್ಯಕ್ಕೆ ತಿಂದರೆ ಪರವಾಗಿಲ್ಲ" ಅಂದುಕೊಳ್ಳುವವರಿಗೆ ಒಂದು ಮಾತು. ಮೇಲಿನ ಡೆನ್ಮಾರ್ಕಿನ ಹುಡುಗರು ಸಕ್ಕರೆ ಕಾಯಿಲೆ ಇಲ್ಲದವರು, ಚಿಕ್ಕ ವಯಸ್ಸಿನವರು. ಸಕ್ಕರೆ ಕಾಯಿಲೆ ಇದ್ದವರಲ್ಲಿ, ಹೊಟ್ಟೆ ಬೊಜ್ಜಿದ್ದವರಲ್ಲಿ ಊಟದ ಟ್ರೈಗ್ಲಿಸರೈಡ್ ಇನ್ನೂ ಮೇಲಕ್ಕೆ ಹೋಗುತ್ತದೆ, ಇಳಿಯಲು ಇನ್ನೂ ಹೊತ್ತು ಬೇಕು. ಅದು ಇಳಿಯುವ ಮೊದಲೇ ಮುಂದಿನ ಊಟ ಬಿದ್ದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ರಕ್ತ ತಿಳಿಯಾಗುವುದೇ ಇಲ್ಲ. ಹಿಂದಿನ ದಿನ ಒಂದು ಗಂಟೆ ಚುರುಕಾಗಿ ನಡೆದಿದ್ದರೆ ಈ ಏರಿಕೆ ಗಮನಕ್ಕೆ ಬರುವಷ್ಟು ತಗ್ಗುತ್ತದೆ. ತಿಂದ ಮೇಲೆ ನಡೆಯುವುದಕ್ಕಷ್ಟೇ ಲಾಭ ಅಂದುಕೊಂಡವರೇ ಹೆಚ್ಚು.

ಇನ್ನು ಆ ಸಿಆರ್‌ಪಿ ವಿಷಯ. ನೆಗಡಿ, ವಸಡಿನ ಸೋಂಕು, ಲಸಿಕೆ, ರೂಢಿಯಿಲ್ಲದ ಜೋರು ವ್ಯಾಯಾಮ, ಸಿಗರೇಟು, ಗರ್ಭನಿರೋಧಕ ಮಾತ್ರೆ, ಇವೆಲ್ಲ ಸಿಆರ್‌ಪಿ ಏರಿಸುತ್ತವೆ. ರಜೆ ಮುಗಿಸಿ ಬಂದವರ ವರದಿಯಲ್ಲಿ 6 ಅಂತ ಬಂದರೆ ತಿಂದದ್ದಕ್ಕಿಂತ ಪ್ರಯಾಣದಲ್ಲಿ ಹತ್ತಿದ ನೆಗಡಿಯ ಮೇಲೇ ನನಗೆ ಅನುಮಾನ ಜಾಸ್ತಿ. 10 ದಾಟಿದ್ದರೆ ಹೃದಯದ ಲೆಕ್ಕಕ್ಕೆ ಆ ಅಂಕಿಯನ್ನು ಹಿಡಿಯುವುದೇ ಇಲ್ಲ, ಕಾರಣ ಹುಡುಕಿ, ಎರಡು ವಾರ ಬಿಟ್ಟು ಮತ್ತೆ ಮಾಡುತ್ತೇವೆ. ನೋಡಲೇಬೇಕು ಅಂತಿದ್ದರೆ ಒಂದೆರಡು ವಾರ ಮಾಮೂಲು ಊಟಕ್ಕೆ ಮರಳಿ, ರಾತ್ರಿಯಿಂದ ಏನೂ ತಿನ್ನದೆ ಬಂದು, ಸಕ್ಕರೆ ಮತ್ತು ಟ್ರೈಗ್ಲಿಸರೈಡ್ ಮಾಡಿಸಿ. ಆ ವರದಿ ಇದಕ್ಕಿಂತ ಕೆಲಸಕ್ಕೆ ಬರುತ್ತದೆ.

ಜಿಡ್ಡೂಟದಿಂದ ನಿಜವಾಗಿ ತಕ್ಷಣ ಉರಿಯೂತವಾಗುವ ಎರಡು ಜಾಗಗಳಿವೆ. ಪಿತ್ತಕೋಶದಲ್ಲಿ ಕಲ್ಲಿದ್ದವರಿಗೆ, ಕೊಬ್ಬು ಒಳಗೆ ಹೋದಾಗ ಪಿತ್ತಕೋಶ ಹಿಂಡಿಕೊಂಡು ಕಲ್ಲು ಅದರ ಬಾಯಿಗೆ ಸಿಕ್ಕಿಕೊಳ್ಳಬಹುದು. ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 1000 ಮಿಲಿಗ್ರಾಂ ದಾಟಿದವರಿಗೆ ಮೇದೋಜೀರಕ ಗ್ರಂಥಿಯೇ ಊದಿಕೊಳ್ಳುವ ಅಪಾಯವಿದೆ. ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು ಶುರುವಾಗಿ ಬಲಭುಜಕ್ಕೋ ಬೆನ್ನಿಗೋ ಹೊಡೆಯುತ್ತಾ, ಗಂಟೆ ಕಳೆದರೂ ನಿಲ್ಲದೆ, ವಾಂತಿಯೂ ಆಗುತ್ತಿದ್ದರೆ, ಆವತ್ತೇ ಆಸ್ಪತ್ರೆಗೆ ಹೋಗಿ. ಲ್ಯಾಬಿನ ಕೌಂಟರಿಗೆ ಬರಬೇಡಿ.