ಮನಸ್ಸು ಕುಗ್ಗಿದರೆ ಇಮಾನ್ ಕಡಿಮೆ ಅಂತಲಾ?

ಪ್ರಶ್ನೆ: ಅಮೆರಿಕಕ್ಕೆ ಬಂದು ಎರಡು ವರ್ಷ. ನಿದ್ದೆ ಇಲ್ಲ, ಎದೆ ಭಾರ, ಸುಮ್ನೆ ಕೂತಾಗಲೂ ಅಳು ಬರುತ್ತದೆ. ಮನೆಯವರು ‘ನಮಾಜ್ ಜಾಸ್ತಿ ಮಾಡು’ ಅನ್ನುತ್ತಾರೆ. ನನ್ನ ಇಮಾನ್, ಅಂದರೆ ದೇವರ ಮೇಲಿನ ನಂಬಿಕೆ, ಕಡಿಮೆಯಾಗಿದೆಯಾ? ಡಾಕ್ಟರ ಹತ್ತಿರ ಹೋದರೆ ತಪ್ಪಾ?

ಉತ್ತರ: ಎರಡಕ್ಕೂ ‘ಇಲ್ಲ’ ಎಂದೇ ನನ್ನ ಉತ್ತರ. ಮಗ ಯೂಸುಫರನ್ನು ನೆನೆದು ಪ್ರವಾದಿ ಯಾಕೂಬರ ಕಣ್ಣು ದುಃಖದಿಂದ ಬೆಳ್ಳಗಾದವು ಎಂದು ಕುರ್‌ಆನಿನ 12ನೇ ಅಧ್ಯಾಯದಲ್ಲಿದೆ. ಅವರ ಇಮಾನಿನ ಬಗ್ಗೆ ಯಾರೂ ಕೇಳುವುದಿಲ್ಲ, ಅಲ್ವಾ?

ಸಾವಿರ ವರ್ಷಕ್ಕೂ ಹಿಂದೆ ಅಬೂ ಝೈದ್ ಅಲ್ ಬಲ್ಖಿ ಎಂಬ ಪಂಡಿತರು ದುಃಖವನ್ನು ಎರಡಾಗಿ ವಿಂಗಡಿಸಿದ್ದರು. ಒಂದಕ್ಕೆ ಕಾರಣ ಗೊತ್ತಿರುತ್ತದೆ, ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಎರಡನೆಯದರ ಮೂಲ ದೇಹದಲ್ಲಿದೆ, ಅದಕ್ಕೆ ದೇಹಕ್ಕೂ ಮದ್ದು ಬೇಕು ಎಂದರು. ಹಾಗಾಗಿ ಮನಸ್ಸಿನ ಚಿಕಿತ್ಸೆ ‘ಇಲ್ಲಿಯವರ ಫ್ಯಾಷನ್’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ನಮಾಜ್, ದುವಾ ಬಿಡಬೇಕಿಲ್ಲ. ಅದರಿಂದ ನೆಮ್ಮದಿ ಸಿಕ್ಕರೆ ಒಳ್ಳೆಯದೇ. ಆದರೆ ಎರಡು ವಾರ ಕಳೆದರೂ ಹೀಗೇ ಇದ್ದರೆ ಡಾಕ್ಟರನ್ನು ನೋಡಿ. ಎದೆ ಭಾರ ಎಂದಷ್ಟೇ ಹೇಳಿದರೆ ಅವರು ಹೃದಯ ಪರೀಕ್ಷೆ ಮಾಡಿ ಕಳಿಸಬಹುದು. ಆ ಪರೀಕ್ಷೆಯೂ ಬೇಕು. ಜೊತೆಗೆ ನಿದ್ದೆ, ಅಳು, ಊರಿನ ನೆನಪು, ವೀಸಾ ಚಿಂತೆ, ಹಿಜಾಬ್ ನೋಡಿ ಯಾರಾದರೂ ಅಂದ ಮಾತು ಎಲ್ಲವನ್ನೂ ಹೇಳಿ. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಕೇಳಿ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ದುಡ್ಡಿಲ್ಲದೆ ಒದಗಿಸಬೇಕು. ಮಕ್ಕಳನ್ನು ಮಾತ್ರ ದುಭಾಷಿ ಮಾಡಬೇಡಿ. ಅಮ್ಮ ಸಾಯುವ ಮಾತಾಡಿದ್ದನ್ನು ಹತ್ತು ವರ್ಷದ ಹುಡುಗ ಹೇಗೆ ಅನುವಾದ ಮಾಡಿಯಾನು?

‘ಮಸೀದಿಯವರಿಗೆ ಗೊತ್ತಾದರೆ?’ ಅನ್ನುವ ಭಯ ಹಲವರಿಗಿದೆ. ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭ ಬಿಟ್ಟರೆ, ನಿಮ್ಮ ಒಪ್ಪಿಗೆ ಇಲ್ಲದೆ ಥೆರಪಿಸ್ಟ್ (ಮಾತಿನ ಮೂಲಕ ಮನಸ್ಸಿಗೆ ಚಿಕಿತ್ಸೆ ಕೊಡುವವರು) ನಿಮ್ಮ ವಿಷಯವನ್ನು ಅವರಿಗೆ ಹೇಳುವ ಹಾಗಿಲ್ಲ. ನಮ್ಮ ಧರ್ಮ ತಿಳಿದವರೇ ಬೇಕಾದರೆ ಖಲೀಲ್ ಸೆಂಟರ್‌ನಂಥ ಮುಸ್ಲಿಂ ಮನೋಚಿಕಿತ್ಸಾ ಸಂಸ್ಥೆಗಳಿವೆ. ನನಗೇನೋ, ಕಿವಿಗೊಟ್ಟು ಕೇಳುವ ಥೆರಪಿಸ್ಟ್ ಯಾವ ಧರ್ಮದವರಾದರೂ ಸರಿ. ನಿಮ್ಮ ಇಮಾಮರು ‘ಡಾಕ್ಟರ ಹತ್ತಿರವೂ ಹೋಗು’ ಅನ್ನುವವರಾದರೆ ಅವರನ್ನೂ ಜೊತೆಗಿಟ್ಟುಕೊಳ್ಳಿ. ಮಾತ್ರೆ ಬಿಸಾಡು ಅನ್ನುವವರ ಮಾತು ಕೇಳಬೇಡಿ.

ಸಾಯಬೇಕು ಅನ್ನಿಸಿದರೆ ಕಾಯಬೇಡಿ, ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾರಾದರೂ ಇರುತ್ತಾರೆ.

ಇನ್ನೊಂದು ಮಾತು. ಮಾತ್ರೆ ಶುರುವಾದರೆ, ರಂಜಾನಿಗೆ ಕೆಲವು ವಾರ ಮುಂಚೆಯೇ ಡಾಕ್ಟರ ಜೊತೆ ಮಾತಾಡಿ. ಮಾತ್ರೆಯ ಹೊತ್ತನ್ನು ಇಫ್ತಾರ್ (ಸಂಜೆ ಉಪವಾಸ ಬಿಡುವ ಊಟ), ಸಹರಿಗೆ (ಬೆಳಗಾಗುವ ಮುಂಚಿನ ಊಟ) ಹೊಂದಿಸಬಹುದಾ ಎಂದು ಅವರು ಹೇಳುತ್ತಾರೆ. ಲಿಥಿಯಂ ಎಂಬ ಮಾನಸಿಕ ಕಾಯಿಲೆಯ ಮದ್ದು ತಗೊಳ್ಳುವವರು ಇದನ್ನು ಮರೆಯಲೇಬಾರದು, ಮೈಯಲ್ಲಿ ನೀರು ಕಡಿಮೆಯಾದರೆ ಆ ಮದ್ದು ರಕ್ತದಲ್ಲಿ ಏರಿ ವಿಷವಾಗಬಹುದು. ಕಾಯಿಲೆಯವರಿಗೆ ರೋಜಾದಿಂದ ವಿನಾಯಿತಿ ಇರುವುದು ಕುರ್‌ಆನಿನಲ್ಲೇ ಇದೆ.